ಬೆನ್ನು ನೋಡುವ ಪಂಚ

ಜಟ್ಟೆಪ್ಪನವರು ಮನುಷ್ಯರನ್ನು ಗುರುತಿಸುವುದು ಬೆನ್ನಿನಿಂದ. ಎದುರಿಗೆ ಸಿಕ್ಕವರು ನಮಸ್ಕಾರ ಮಾಡಿದರೆ ತಲೆಯಾಡಿಸುತ್ತಾರೆ, ನಿಜ. ಆದರೆ ಅಷ್ಟರಲ್ಲೇ ಅವರ ಕಾಲುಗಳು ಪಕ್ಕಕ್ಕೆ ಸರಿಯತೊಡಗಿರುತ್ತವೆ. ಅರ್ಧ ಸುತ್ತು ಹೊಡೆದು, ನಿಮ್ಮ ಹಿಂದೆ ಬಂದು ನಿಂತು, ಹೆಗಲಿನಿಂದ ಸೊಂಟದವರೆಗೆ ಒಮ್ಮೆ ಕಣ್ಣಾಡಿಸಿ, ಆಮೇಲೆಯೇ "ಆರಾಮ ಅದೀರಿಲ್ಲೋ?" ಎಂದು ಕೇಳುವುದು ಅವರ ಪದ್ಧತಿ. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಹಾದಿಯ ಮಗ್ಗುಲಿಗಿರುವ ನಮ್ಮ ಸಣ್ಣ ಊರಿನಲ್ಲಿ ಇದು ಎಲ್ಲರಿಗೂ ರೂಢಿಯಾಗಿದೆ. ಅವರೊಂದಿಗೆ ಚಹಾದಂಗಡಿಯ ಮುಂದೆ ಮಾತಿಗೆ ನಿಂತವರು ತಾವೂ ಜತೆಗೆ ಮೆಲ್ಲಗೆ ತಿರುಗುತ್ತ ಮಾತಾಡುತ್ತಾರೆ. ಹೊಸದಾಗಿ ಬಂದ ಬ್ಯಾಂಕಿನ ಮ್ಯಾನೇಜರರು ಮಾತ್ರ, ಪರಿಚಯವಿಲ್ಲದ ಮುದುಕರೊಬ್ಬರು ಬೆನ್ನ ಹಿಂದೆ ಸುಳಿದದ್ದನ್ನು ಕಂಡು ಗಾಬರಿಯಾಗಿ ಜೇಬು ಮುಟ್ಟಿ ನೋಡಿಕೊಂಡಿದ್ದರು. ಆ ಕತೆಯನ್ನು ಜಟ್ಟೆಪ್ಪನವರೇ ಎಲ್ಲರಿಗಿಂತ ಹೆಚ್ಚು ನಗುತ್ತ ಹೇಳುತ್ತಾರೆ.

ಈ ಅಭ್ಯಾಸಕ್ಕೆ ಕಾರಣ ಕುಸ್ತಿ. ಯೌವನದಲ್ಲಿ ತಾವೇ ಪೈಲ್ವಾನರಾಗಿದ್ದು, ಮಂಡಿ ಕೈಕೊಟ್ಟ ಮೇಲೆ ಊರ ಗರಡಿಯಲ್ಲಿ ಹುಡುಗರನ್ನು ತಿದ್ದುತ್ತ, ಸುತ್ತಲಿನ ಕುಸ್ತಿ ಅಖಾಡಗಳಲ್ಲಿ, ನಮ್ಮ ಮಾತಿನ ಖಾಡಾಗಳಲ್ಲಿ, ಪಂಚರಾಗಿ ನಿಂತು ಬಾಳು ಸವೆಸಿದವರು ಅವರು. ಪಂಚ ಎಂದರೆ ನಮ್ಮ ಕಡೆ ಕುಸ್ತಿಯ ತೀರ್ಪುಗಾರ. ಇಬ್ಬರು ಜಟ್ಟಿಗಳು ಒಬ್ಬರನ್ನೊಬ್ಬರು ತಬ್ಬಿ ನೆಲಕ್ಕುರುಳಿದಾಗ ಯಾರ ಬೆನ್ನು ಮಣ್ಣಿಗೆ ತಾಗಿತು ಎಂಬುದೊಂದನ್ನೇ ನೋಡಬೇಕಾದವನು. ಅದಕ್ಕಾಗಿ ಅವರ ಸುತ್ತ ಬಾಗಿ ಬಾಗಿ ತಿರುಗಬೇಕಾದವನು. ಹೀಗೆ ತಿರುಗಿ ತಿರುಗಿ ಅವರ ನಡಿಗೆಯೇ ಓರೆಯಾಗಿದೆ. ಬಯಲಿನ ನಡುವೆ ನೇರ ಹಾಯ್ದು ಹೋದದ್ದನ್ನು ಯಾರೂ ಕಂಡಿಲ್ಲ. ಅಂಚು ಹಿಡಿದು, ಸುತ್ತು ಹಾಕಿಯೇ ಹೋಗುತ್ತಾರೆ. ಗಿಡ್ಡ ಆಳು, ಬಾಗಿಲಗಲದ ಎದೆ, ಮಣ್ಣಿಗೆ ಉಜ್ಜಿ ಉಜ್ಜಿ, ಕಾದ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಮುರುಟಿಕೊಂಡ ಎರಡು ಕಿವಿಗಳು. ಯಾವ ಮಾತನ್ನು ಆರಂಭಿಸುವಾಗಲೂ, ಅದು ಬೀಗತನದ ಮಾತಾಗಲಿ, ಬಿತ್ತನೆಯ ಮಾತಾಗಲಿ, ಮೊದಲು "ಹಾಂ, ಹಿಡೀರಿ" ಎನ್ನುತ್ತಾರೆ. ಕುಸ್ತಿ ಶುರುಮಾಡಲು ಪಂಚ ಕೊಡುವ ಅಪ್ಪಣೆ ಅದು.

ಅವರದೊಂದು ಕರಿಯ ಕೋಟು ಇದೆ. ಮನೋಳಿಯ ಕುಸ್ತಿ ಕಮಿಟಿಯವರು ಯಾವುದೋ ಕಾಲದಲ್ಲಿ ಹೊಲಿಸಿಕೊಟ್ಟದ್ದು. ಮೊಳಕೈ ಬಿಳಿಚಿಕೊಂಡಿದೆ, ಗುಂಡಿಗಳು ಒಂದಕ್ಕೊಂದು ಸಂಬಂಧವಿಲ್ಲದ ಬಣ್ಣದವು. ಪಂಚರಾಗಿ ನಿಲ್ಲುವ ದಿನ ಮಾತ್ರ ಧೋತರದ ಮೇಲೆ ಅದನ್ನು ಹಾಕುತ್ತಾರೆ. ಕೋಟಿನ ಜೇಬಿನಲ್ಲೊಂದು ಚೌಕಡಿ ಟವೆಲ್ಲು. ಸೋತ ಪೈಲ್ವಾನನ ಬೆನ್ನಿನ ಮಣ್ಣನ್ನು ಆ ಟವೆಲ್ಲಿನಿಂದ ತಾವೇ ಒರೆಸಿ, ಭುಜ ತಟ್ಟಿ, ಆನಂತರವೇ ಗೆದ್ದವನ ಕೈ ಎತ್ತುವರು. ಬೇರೆ ಯಾವ ಪಂಚರೂ ಹೀಗೆ ಮಾಡುವುದಿಲ್ಲ. ಗೆದ್ದವನ ಕಡೆಯವರು ಹಲಗಿ ಬಾರಿಸಲು ಚಡಪಡಿಸುತ್ತಿದ್ದರೆ ಇವರು ಮಗುವಿಗೆ ಮೈ ಒರೆಸಿದಷ್ಟು ಸಾವಧಾನವಾಗಿ ಸೋತವನ ಹಿಂದೆ ನಿಂತಿರುತ್ತಾರೆ.

ಈ ಕ್ರಮ ಹುಟ್ಟಿದ್ದು ಒಂದು ತಪ್ಪಿನಿಂದ. ದೊಡವಾಡದಲ್ಲಿ ಒಮ್ಮೆ ದೊಡ್ಡ ಜೋಡಿಯ ಕುಸ್ತಿ. ರಾಮದುರ್ಗದ ಕಡೆಯ ಹುಡುಗನೊಬ್ಬ ಕೆಳಗೆ ಬಿದ್ದ, ಜನ ಹೋ ಎಂದಿತು, ಇವರೂ 'ಚಿತ್' ಎಂದು ಗೆದ್ದವನ ಕೈ ಎತ್ತಿಬಿಟ್ಟರು. ಅಳುತ್ತ ಕೂತ ಹುಡುಗನನ್ನು ಸಮಾಧಾನ ಮಾಡಲು ಬೆನ್ನು ಒರೆಸಿದರೆ, ಒಂದು ಕಡೆಯ ಹೆಗಲಿನ ಹಿಂಬದಿಯಲ್ಲಿ ಮಣ್ಣೇ ಇಲ್ಲ. ಟವೆಲ್ಲು ಶುಭ್ರವಾಗಿ ಬಂತು. ಹುಡುಗ ಓರೆಯಾಗಿ ಬಿದ್ದಿದ್ದ, ಎರಡೂ ಹೆಗಲು ಮಣ್ಣಿಗೆ ತಾಗಿರಲಿಲ್ಲ, ಸೋತಿರಲಿಲ್ಲ. ಇವರು ಕೂಗಿಕೊಂಡರೂ ಹಲಗಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಗೆದ್ದವನು ಜನರ ಹೆಗಲೇರಿ ಆಗಿತ್ತು. ಮರುವರ್ಷ ಅದೇ ದೊಡವಾಡದ ಖಾಡಾದಲ್ಲಿ, ಮೊದಲ ಜೋಡಿ ಇಳಿಯುವ ಮುನ್ನ, ಜಟ್ಟೆಪ್ಪನವರು ನಡುವೆ ನಿಂತು, "ಹೋದ ವರ್ಷ ಇದ ಮಣ್ಣಾಗ ನಾ ತಪ್ಪ ತೀರ್ಪ ಕೊಟ್ಟೇನಿ. ಆ ಹುಡುಗ ಸೋತಿದ್ದಿಲ್ಲ" ಎಂದು ಕೈ ಮುಗಿದರು. ಕಮಿಟಿಯವರಿಗೆ ಮುಜುಗರವಾಯಿತು, ಆ ಹುಡುಗನ ಮನೆಗೆ ಹೋಗಿ ಹೇಳಿದ್ದರೆ ಸಾಕಿತ್ತಲ್ಲ ಎಂದರು. "ಯಾವ ಖಾಡಾದಾಗ ತಪ್ಪ ಆಗತೈತಿ, ಅದ ಖಾಡಾದಾಗ ನಿಂತ ಹೇಳಬೇಕು" ಎಂಬುದು ಅವರ ಉತ್ತರ. ಅಂದಿನಿಂದ ಮೊದಲು ಬೆನ್ನು, ಆಮೇಲೆ ಕೈ.

ಇಂಥವರನ್ನು ಊರವರು ಪಟ್ಟಣ ಪಂಚಾಯಿತಿಗೆ ಆರಿಸಿ ಕಳಿಸಿದ್ದು ಅರ್ಧ ಪ್ರೀತಿಯಿಂದ, ಅರ್ಧ ತಮಾಷೆಗೆ. ಸಭೆಯಲ್ಲಿ ಅವರಿಗೆ ಕುರ್ಚಿಯಿದೆ, ಕೂತದ್ದಿಲ್ಲ. ನೀರಿನ ಪೈಪು, ಬೀದಿದೀಪ, ಸಂತೆಯ ಕಟ್ಟೆ ಎಂದು ಸದಸ್ಯರು ಕಾದಾಡುವಾಗ ಮೇಜಿನ ಸುತ್ತ ಓರೆ ಹೆಜ್ಜೆಯಲ್ಲಿ ತಿರುಗುತ್ತಲೇ ಇರುತ್ತಾರೆ. "ಕುಂಡ್ರರಿ ಕಾಕಾ, ನಿಮ್ಮನ್ನ ನೋಡಿ ನನಗ ತಲಿ ತಿರಗತೈತಿ" ಎಂದು ಅಧ್ಯಕ್ಷೆ ಮಾಲಾ ಬೇಡಿಕೊಳ್ಳುವುದೂ ಸಭೆಯ ನಡಾವಳಿಯ ಒಂದು ಭಾಗವೇ ಆಗಿಹೋಗಿದೆ.

ಹಾಗೆ ತಿರುಗುತ್ತಿದ್ದ ಮನುಷ್ಯ ಒಂದು ದಿನ ನಿಂತರು. ಅದಕ್ಕೆ ಕಾರಣ ಲಕ್ಷ್ಮಣನ ಬೆನ್ನು.

ಲಕ್ಷ್ಮಣ ಬಸ್ ನಿಲ್ದಾಣದ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಆ ಸುಗ್ಗಿಯಲ್ಲಿ ಹೊಳೆಸಾಲಿನ ಪಂಪ್‌ಸೆಟ್ಟುಗಳಿಂದ ತಾಮ್ರದ ತಂತಿ ಕಳುವಾಗತೊಡಗಿತು. ತಾಮ್ರದ ಕಸುಬಿನವನು ಎಂಬ ಒಂದೇ ಕಾರಣಕ್ಕೆ ಅವನನ್ನು ವಿಚಾರಣೆಗೆಂದು ಠಾಣೆಗೆ ಕರೆದೊಯ್ದರು. ಮರುದಿನ ಬಿಟ್ಟರು. ಠಾಣೆಯ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದ ಎಂದು ಹೇಳಿ ಕಳಿಸಿದರು. ಅವನೂ ಯಾರು ಕೇಳಿದರೂ ಹಾಗೆಯೇ ಹೇಳಿದ. ಮುಂದಿನ ವಾರವೇ ರಾಮದುರ್ಗದ ಹಾದಿಯಲ್ಲಿ ತಂತಿಯ ಸುರುಳಿಗಳನ್ನು ತುಂಬಿದ ಟೆಂಪೋ ಸಿಕ್ಕಿತು, ನಿಜವಾದ ಕಳ್ಳರೂ ಸಿಕ್ಕರು. ಲಕ್ಷ್ಮಣ ಮಾತ್ರ ಆಗಲೂ ಬೋರಲಾಗಿಯೇ ಮಲಗುತ್ತಿದ್ದ. ಅವನ ತಾಯಿ ಬಾಯವ್ವ ಮಗನ ರಟ್ಟೆ ಹಿಡಿದು ಜಟ್ಟೆಪ್ಪನವರ ಗರಡಿಗೆ ಕರೆತಂದಳು.

"ಇಂವಗ ಏನೂ ಕೇಳಬ್ಯಾಡ್ರಿ," ಅಂದಳು. "ಬರೇ ಬೆನ್ನ ನೋಡ್ರಿ."

ಜಟ್ಟೆಪ್ಪನವರು ಅಂಗಿ ತೆಗೆಸಿ, ಹಿಂದೆ ಬಂದು, ಬಹಳ ಹೊತ್ತು ನೋಡಿದರು. ಬಿದ್ದವನ ಬೆನ್ನು ಹೇಗಿರುತ್ತದೆಂದು ತಿಳಿಯಲು ಅವರಿಗೆ ಯಾರ ಹೇಳಿಕೆಯೂ ಬೇಕಿರಲಿಲ್ಲ. ಇದು ಬಿದ್ದ ಬೆನ್ನಲ್ಲ ಎಂಬುದು ಗರಡಿಯ ಹುಡುಗರಿಗೂ ತಿಳಿಯುವಂತಿತ್ತು. ಅವರು ಅಂಗಿಯನ್ನು ತಾವೇ ಹೆಗಲ ಮೇಲೆ ಹೊದಿಸಿ, "ಮನಿಗಿ ಹೋಗ್ರಿ, ನಾ ಕೇಳತೇನಿ" ಎಂದಷ್ಟೇ ಹೇಳಿದರು. ಬಾಯವ್ವ ಅಲ್ಲಿಂದ ಕದಲಲಿಲ್ಲ. "ಯಾರ್ನ ಕೇಳತೀರಿ?" ಎಂದಳು. ಆ ಠಾಣೆಯ ಕಾನ್‌ಸ್ಟೇಬಲ್‌ಗಳಲ್ಲಿ ಅವರ ಒಬ್ಬನೇ ಮಗ ಸಿದ್ಧಾರೂಢನೂ ಇದ್ದ.

ಸಿದ್ಧಾರೂಢ ಅಪ್ಪನ ಗರಡಿಯಲ್ಲೇ ಬೆಳೆದ ಪೈಲ್ವಾನ. ಕುಸ್ತಿಯ ಬಲದ ಮೇಲೆಯೇ ಪೊಲೀಸ್ ಕೆಲಸ ಸಿಕ್ಕಿತ್ತು. ಅವನು ಮೊದಲ ಸಲ ಖಾಕಿ ತೊಟ್ಟು ಬಂದ ದಿನ ಜಟ್ಟೆಪ್ಪನವರು ಊರಿಗೆಲ್ಲ ಪೇಢೆ ಹಂಚಿ, ಮಗನ ಸುತ್ತ ಒಂದಕ್ಕೆರಡು ಸುತ್ತು ಹಾಕಿದ್ದರು. ಈಗ ಮಧ್ಯಾಹ್ನ ಅವನು ಊಟಕ್ಕೆ ಕೂತಾಗ ಅವರು ಎದುರಿಗೆ ಬಂದು ನಿಂತರು. ಹಿಂದೆ ಹೋಗಲಿಲ್ಲ. ಆಗಲೇ ಅವರ ಹೆಂಡತಿ ಸಾವಿತ್ರೆವ್ವನಿಗೆ ಏನೋ ಕೆಟ್ಟದ್ದು ಕಾದಿದೆ ಎನ್ನಿಸಿತಂತೆ.

"ಲಕ್ಷ್ಮಣನ ಬೆನ್ನ ನೋಡೇನಿ," ಅಂದರು.

ಸಿದ್ಧಾರೂಢ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಸಾಹೇಬ್ರು ಹೇಳಿದ್ರು ಯಪ್ಪಾ."

"ಬಾಯಿ ಸಾಹೇಬ್ರದು. ಕೈ ಯಾರದು?"

ಅವನು ಗಂಗಾಳದಿಂದ ಕಣ್ಣೆತ್ತದೆ, "ನಂದ" ಅಂದ.

ಜಟ್ಟೆಪ್ಪನವರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅವರೇ ನನ್ನೆದುರು ಹೇಳಿದ್ದುಂಟು. ಆ ಕೈಗೆ ಬಾಲ್ಯದಿಂದ ಎಣ್ಣೆ ತಿಕ್ಕಿದವರು ಅವರು, ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ಕಲಿಸಿದವರು ಅವರು. ಹಾಗಿದ್ದೂ ಬಿಡುವುದನ್ನು ಕಲಿಸಿದ್ದು ಸಾಲಲಿಲ್ಲವಲ್ಲ ಎಂಬ ಸಂಕಟ ಅವರದು. "ಆ ಠಾಣ್ಯಾಗ ನಿಂತ ಹೇಳು," ಅಂದರು. "ಹೇಳಿದ್ರ ನೌಕರಿ ಹೋಗತೈತಿ" ಎಂದ ಮಗ. "ಹೋಗಬಹುದು" ಎಂದರು ಅಪ್ಪ. ಸಾವಿತ್ರೆವ್ವ ರೊಟ್ಟಿಯ ಬುಟ್ಟಿಯನ್ನು ಕುಕ್ಕಿದಳು.

"ಊರಿಗೆಲ್ಲಾ ಪಂಚ ಆದ್ರಿ. ಮನ್ಯಾಗರೆ ಅಪ್ಪ ಆಗ್ರಿ!"

ಸಿದ್ಧಾರೂಢ ಅರ್ಧ ಊಟಕ್ಕೇ ಎದ್ದ. ಎರಡು ದಿನಗಳಲ್ಲಿ ಹೆಂಡತಿಯನ್ನು ಕರೆದುಕೊಂಡು ಪೊಲೀಸ್ ವಸತಿಗೃಹಕ್ಕೆ ಹೊರಟುಹೋದ. ಸಾವಿತ್ರೆವ್ವ ಗಂಡನಿಗೆ ಊಟಕ್ಕೆ ಬಡಿಸುತ್ತಿದ್ದಳು, ಮಾತು ಬಿಟ್ಟಳು. ಅಂಥ ಮನೆಯಿಂದ ಹೊರಟು ಜಟ್ಟೆಪ್ಪನವರು ಪಂಚಾಯಿತಿಗೆ ಒಂದು ಠರಾವು ತಂದರು: ಊರಿನ ಐದು ಮಂದಿ ನಾಗರಿಕರ ಸಮಿತಿಯೊಂದಿರಬೇಕು, ಯಾರನ್ನೇ ಠಾಣೆಗೆ ಕರೆಸಿದರೂ ಆ ಸಮಿತಿಗೆ ತಿಳಿಸಬೇಕು, ಅವರಲ್ಲೊಬ್ಬರು ಹೋಗಿ ಅಲ್ಲಿ ಕೂರಬೇಕು, ವಾರಕ್ಕೊಮ್ಮೆ ಜನರ ದೂರನ್ನು ಬಹಿರಂಗವಾಗಿ ಕೇಳಿ ಮೇಲಧಿಕಾರಿಗಳಿಗೆ ಕಳಿಸಬೇಕು.

ಸಭೆಯ ದಿನ ಅವರು ಕರಿಯ ಕೋಟು ಹಾಕಿಕೊಂಡು ಬಂದರು. ಸಭಾಭವನದ ಹಿಂಬದಿಯ ಬೆಂಚಿನಲ್ಲಿ ಬಾಯವ್ವ ಸೆರಗು ಹೊದ್ದು ಕೂತಿದ್ದಳು. "ಹಾಂ, ಹಿಡೀರಿ" ಎಂದು ಠರಾವು ಮಂಡಿಸಿದ ಕೂಡಲೇ ಮುಖ್ಯಾಧಿಕಾರಿಗಳು ಕನ್ನಡಕ ಸರಿಪಡಿಸಿಕೊಂಡು, ಪೊಲೀಸ್ ಇಲಾಖೆ ಪಂಚಾಯಿತಿಯ ವ್ಯಾಪ್ತಿಗೆ ಬರುವುದಿಲ್ಲವೆಂದೂ, ನಲ್ಲಿ, ಗಟಾರ, ದೀಪ ಇವಿಷ್ಟೇ ನಮ್ಮವೆಂದೂ ವಿನಯದಿಂದಲೇ ವಿವರಿಸಿದರು.

"ಗಟಾರ ನಮ್ಮದು, ಖರೆ," ಎಂದರು ಜಟ್ಟೆಪ್ಪನವರು. "ಅದರಾಗ ಬಿದ್ದ ಮನಿಷ್ಯಾ ನಮ್ಮಾಂವ ಅಲ್ಲೇನ್ರಿ ಸಾಹೇಬ್ರ? ಹುಕುಂ ಮಾಡಾಕ ನಮಗ ಅಧಿಕಾರ ಇಲ್ಲ. ಕೇಳಾಕ ಬಾಯಿ ಐತಿ."

ಎದುರು ನಿಂತವರು ಅಮೋಘಸಿದ್ದಪ್ಪನವರು. ಹತ್ತಿಯ ವ್ಯಾಪಾರಿ, ನೇರ ಮನುಷ್ಯ, ಹೊಳೆದಂಡೆಯ ಅವರ ತೋಟದ ಮೋಟಾರಿನ ತಂತಿಯೂ ಆ ಸುಗ್ಗಿಯಲ್ಲಿ ಕಳುವಾಗಿತ್ತು. "ಕಳ್ಳರು ನಮ್ಮ ಹೊಲದಾಗ ಮೇಯಾಕತ್ಯಾರ, ನೀವು ಪೊಲೀಸರ ಮೂಗಿಗಿ ದಾರ ಹಾಕಾಕ ಹೊಂಟೀರಿ. ನಾಳಿ ಅವರು ಕೈ ಕಟ್ಟಿ ಕುಂತ್ರ ಯಾರ್ನ ಕರೀತೀರಿ?" ಎಂದರು. ಮಾತಿನಲ್ಲಿ ತೂಕವಿತ್ತು, ಕೆಲವರು ತಲೆಯಾಡಿಸಿದರು.

ಜಟ್ಟೆಪ್ಪನವರು ಮೇಜಿನ ಸುತ್ತ ತಿರುಗುತ್ತಲೇ ಹೇಳಿದರು: "ಪಂಚ ಪೈಲ್ವಾನನ ವೈರಿ ಅಲ್ರಿ. ಪಂಚ ನಡುವ ನಿಂತಾನಂತನ ಗೆದ್ದಾಂವನ ಗೆಲುವು ನಾಕು ಮಂದಿ ಒಪ್ಪತಾರ. ಪಂಚ ಇಲ್ಲದ್ದು ಕುಸ್ತಿ ಅಲ್ಲ, ಬಡದಾಟ. ಕಳ್ಳನ್ನ ಹಿಡೀಲಿ, ಬ್ಯಾಡ ಅನ್ನಾಂವ ಯಾರು? ಹಿಡಿಯೋದನ್ನ ನೋಡಾಂವ ಒಬ್ಬ ಇರಲಿ."

ಮಾತು ಬೆಳೆಯಿತು, ದನಿಗಳು ಏರಿದವು. ಮುಂದಿನ ಸಭೆಗೆ ನೋಡೋಣ ಎಂದು ಮಾಲಾ ಎರಡೂ ಕಡೆಯವರನ್ನು ಸಮಾಧಾನಿಸಲು ನೋಡಿದಳು. "ಸಮಬಲ ಅಂತ ಕೈ ಬಿಡಿಸೋದು ಬ್ಯಾಡವ್ವ. ಇದು ನಿಕಾಲಿ ಕುಸ್ತಿ, ಇವತ್ತ ಸೋಲಲಿ, ಇಲ್ಲಾ ಗೆಲ್ಲಲಿ" ಎಂದು ಇವರು ಪಟ್ಟು ಬಿಡಲಿಲ್ಲ. ಆಗ ಅಮೋಘಸಿದ್ದಪ್ಪನವರು, ಸ್ವಲ್ಪ ತಡೆದು, ನೋಯಿಸುವ ಇಚ್ಛೆಯಿಲ್ಲದಿದ್ದರೂ ನೋಯುತ್ತದೆಂದು ತಿಳಿದೇ ಕೇಳಿದರು: "ಜಟ್ಟೆಪ್ಪಣ್ಣಾ, ಮೊದಲನೇ ದೂರು ನಿಮ್ಮ ಹೊಸ್ತಿಲಿಗೇ ಬಂದ್ರ? ಮಗನ್ನ ಕೇಳೀರೇನು?"

ಮೇಜಿನ ಸುತ್ತ ತಿರುಗುತ್ತಿದ್ದ ಕಾಲು ನಿಂತದ್ದು ಆಗಲೇ.

"ಕೇಳೇನಿ," ಅಂದರು. "ಹೊಡದಾಂವ ನನ್ನ ಮಗನ. ಅದಕ್ಕ ಈ ಠರಾವು ತಂದೇನಿ. ಮನ್ಯಾಗ ನಾ ಒಬ್ಬನ ಕೇಳಿದ್ರ ಏನಾತು? ಹೇಳಿದೆ, ಅಂವ ಎದ್ದ ಹ್ವಾದ, ಅವನವ್ವ ಮಾತ ಬಿಟ್ಲು, ಮುಗದ ಹೋತು. ಲಕ್ಷ್ಮಣನ ಬೆನ್ನು ಹಂಗ ಉಳೀತು. ಅಪ್ಪ ಕೇಳಿದ್ರ ಸಾಲೂದಿಲ್ರಿ. ಊರ ಕೇಳಬೇಕು."

ಹಾಗೆ ಹೇಳಿ ಕೋಟಿನ ಗುಂಡಿ ಬಿಚ್ಚತೊಡಗಿದರು. ಸಮಿತಿಗೆ ಅವರೇ ಹಿರಿಯರಾಗಬೇಕೆಂದು ಯಾರೋ ಅಂದಾಗ, "ನಮ್ಮ ಗರಡಿ ಹುಡುಗ ಕುಸ್ತಿಗಿ ಇಳದಾಗ ನಾ ಎಂದೂ ಪಂಚ ಆಗಿಲ್ಲ" ಎಂದರು. ಟವೆಲ್ಲನ್ನು ತೆಗೆದು ಹೆಗಲಿಗೆ ಹಾಕಿಕೊಂಡು, ಕೋಟನ್ನು ತಮ್ಮ ಕುರ್ಚಿಯ ಬೆನ್ನಿಗೆ ತೂಗುಹಾಕಿ, ನೇರ ನಡೆದು ಹಿಂದಿನ ಬೆಂಚಿಗೆ ಹೋದರು. ಬಾಯವ್ವ ಸರಿದು ಜಾಗ ಮಾಡಿಕೊಟ್ಟಳು, ಮುಖ ನೋಡಲಿಲ್ಲ. ಪಂಚಾಯಿತಿಯಲ್ಲಿ ಜಟ್ಟೆಪ್ಪನವರು ಕೂತದ್ದನ್ನು ನಾವು ಕಂಡದ್ದು ಅದೇ ಮೊದಲು.

ಕೈಗಳು ಎದ್ದವು, ಎಲ್ಲವೂ ಅಲ್ಲ, ಸಾಕಾಗುವಷ್ಟು. ಅಮೋಘಸಿದ್ದಪ್ಪನವರು ಕೈ ಎತ್ತಲಿಲ್ಲ, ಆದರೆ ಠರಾವು ಪಾಸಾದ ಮೇಲೆ ಗಂಟಲು ಸರಿಪಡಿಸಿಕೊಂಡು, "ನನ್ನ ಹೆಸರು ಬರಕೋರಿ. ಬ್ಯಾಡ ಅನ್ನಾಂವ ಒಬ್ಬ ಇದ್ರ ಸಮಿತಿಗೂ ಚಲೋ" ಎಂದರು.

ಮೇಲಿನ ಆದೇಶ ಬರುವವರೆಗೆ ಒಳಗೆ ಜಾಗವಿಲ್ಲವೆಂದು ಠಾಣೆಯಿಂದ ಉತ್ತರ ಬಂತು. ಸಮಿತಿಯವರು ಠಾಣೆಯ ಎದುರಿನ ಬೇವಿನ ಮರದ ಕೆಳಗೆ ಚಾಪೆ ಹಾಸಿದರು. ಎತ್ತುಗಳಿಗೆ ಬಿಡುವಿರುವ ಸೋಮವಾರವನ್ನೇ ಆರಿಸಿಕೊಂಡದ್ದರಿಂದ ಜನವೂ ಬಂದರು. ಬಾಯವ್ವ ಮಗನನ್ನು ಕರೆತಂದು ಚಾಪೆಯ ಮುಂದೆ ನಿಲ್ಲಿಸಿದಳು. ಜಟ್ಟೆಪ್ಪನವರು ರಸ್ತೆಯಾಚೆ ಚಹಾದಂಗಡಿಯ ಕಟ್ಟೆಯ ಮೇಲೆ ಬೇವಿನ ಮರಕ್ಕೂ ಠಾಣೆಗೂ ಬೆನ್ನು ಮಾಡಿ ಕೂತಿದ್ದರು. ಕೋಟು ಇರಲಿಲ್ಲ, ಟವೆಲ್ಲು ಮಾತ್ರ ಹೆಗಲ ಮೇಲಿತ್ತು. ತನ್ನ ಹುಡುಗ ಇಳಿದ ಖಾಡಾವನ್ನು ಪಂಚ ನೋಡಬಾರದು. ಬಾಳೆಲ್ಲ ಮಂದಿಯ ಬೆನ್ನು ನೋಡಿದ ಮನುಷ್ಯನ ಬೆನ್ನನ್ನು ಊರು ಅಂದು ನೋಡಿತು. ಅದು ಮುದಿಯಾಗಿತ್ತು, ಬಾಗಿತ್ತು, ಕದಲದೆ ಇತ್ತು.

ಲಕ್ಷ್ಮಣ ಬಾಯಿ ತೆರೆದವನೇ ಮತ್ತೆ ಮೆಟ್ಟಿಲಿನ ಮಾತನ್ನೇ ಶುರುಮಾಡಿದ. ಮೆಟ್ಟಿಲ ಮೇಲೆ ಬಿದ್ದೆ ಎಂದೇ ಹೇಳಿ ಹೇಳಿ ನಾಲಗೆಗೆ ಬೇರೆ ಹಾದಿ ಮರೆತಂತಿತ್ತು. ಅಷ್ಟರಲ್ಲಿ ಠಾಣೆಯ ಬಾಗಿಲಿಗೆ ಸಿದ್ಧಾರೂಢ ಬಂದ. ಖಾಕಿಯಲ್ಲೇ ಇದ್ದ, ಕಣ್ಣು ರಸ್ತೆಯಾಚೆಯ ಅಪ್ಪನ ಬೆನ್ನಿನ ಮೇಲಿತ್ತು. ಒಂದು ಮೆಟ್ಟಿಲು ಇಳಿದು, ನಡುವಿನ ಮೆಟ್ಟಿಲ ಮೇಲೆ ನಿಂತು, ಖಾಡಾದಲ್ಲಿ ಹೆಸರು ಕೂಗಿದಾಗ ಓಗೊಡುವಷ್ಟೇ ಗಟ್ಟಿಯಾಗಿ ಹೇಳಿದ:

"ಲಕ್ಷ್ಮಣ ಈ ಮೆಟ್ಟಲದ ಮ್ಯಾಲ ಬಿದ್ದಿಲ್ಲ. ನಾ ಹೊಡದೇನಿ. ಅಂವಂದ ಏನೂ ತಪ್ಪ ಇರಲಿಲ್ಲ."

ಬರೆದುಕೊಳ್ಳುವುದನ್ನು ಸಮಿತಿಯವರು ಮರೆತರು. "ಬರಕೋರಿ, ಅಂವ ಹೇಳಿದ್ದು ಒಂದಕ್ಷರ ಬಿಡದ" ಎಂದು ಅಮೋಘಸಿದ್ದಪ್ಪನವರೇ ಗದರಿದರು. ಲಕ್ಷ್ಮಣ ಕ್ಷಮಿಸಿದೆ ಎನ್ನಲಿಲ್ಲ, ಯಾರೂ ಅವನನ್ನು ಹಾಗೆ ಕೇಳಲೂ ಇಲ್ಲ. ಅವನು ಮೊದಲ ಸಲ ತಲೆಯೆತ್ತಿ ಸುತ್ತಲಿದ್ದವರ ಮುಖ ನೋಡಿದ. ಬಾಯವ್ವ ಸೆರಗಿನಲ್ಲಿ ಕಣ್ಣು ಒತ್ತಿಕೊಂಡು ಸಿದ್ಧಾರೂಢನಿಗೆ, "ಹೇಳಿದೆಲ್ಲ, ಇವತ್ತಿಗಿ ಅಷ್ಟ ಸಾಕು" ಎಂದಳು.

ಸಿದ್ಧಾರೂಢ ರಸ್ತೆ ದಾಟಿ ಚಹಾದಂಗಡಿಗೆ ಬಂದು ಅಪ್ಪನ ಎದುರು ನಿಂತ. ನೌಕರಿಯ ಮಾತು ಇಬ್ಬರೂ ಎತ್ತಲಿಲ್ಲ. ಇಲಾಖೆಯ ವಿಚಾರಣೆ ಆಮೇಲೆ ಶುರುವಾಯಿತು, ಈಗಲೂ ನಡೆದಿದೆ, ಅವನು ಅಮಾನತಿನಲ್ಲಿದ್ದಾನೆ. ಜಟ್ಟೆಪ್ಪನವರು ಕಟ್ಟೆಯಿಂದ ಕೆಳಗಿಳಿದು, ಅದೇ ಹಳೆಯ ಓರೆ ಹೆಜ್ಜೆಯಲ್ಲಿ ಅರ್ಧ ಸುತ್ತು ಹೊಡೆದು ಮಗನ ಹಿಂದೆ ಬಂದರು. ಹೆಗಲಿನ ಟವೆಲ್ಲನ್ನು ತೆಗೆದರು. ಖಾಕಿ ಅಂಗಿಯ ಬೆನ್ನಿನ ಮೇಲೆ ಧೂಳಿನ ಕಣವೂ ಇರಲಿಲ್ಲ. ಆದರೂ ಅವರು ಹೆಗಲಿನಿಂದ ಸೊಂಟದವರೆಗೆ, ಸಾವಧಾನವಾಗಿ, ಒಂದು ಕಡೆಯೂ ಬಿಡದಂತೆ ಒರೆಸಿದರು, ಕೊನೆಗೆ ಭುಜ ತಟ್ಟಿದರು. "ನಡಿ, ನಿಮ್ಮವ್ವ ರೊಟ್ಟಿ ಬಡದಿರತಾಳ" ಎಂದರು. ಅಷ್ಟು ದೊಡ್ಡ ಪೈಲ್ವಾನ ಬೀದಿಯಲ್ಲಿ ನಿಂತು ಹುಡುಗನಂತೆ ಅತ್ತ.

ಜಟ್ಟೆಪ್ಪನವರಂಥವರ ಜತೆ ಸಂಸಾರ ಮಾಡುವುದು ಸುಲಭವಲ್ಲ. ಸಾವಿತ್ರೆವ್ವನನ್ನು ಕೇಳಿದರೆ ಇಂದಿಗೂ ಹಾಗೇ ಹೇಳುತ್ತಾಳೆ. ಇವರಿಗೆ ಎದೆಯೇ ಇಲ್ಲವೇನೋ ಎಂದು ಮನೆಯವರು ಅಂದುಕೊಳ್ಳುತ್ತಾರೆ, ಇವರಿಗೆ ಲೋಕಜ್ಞಾನವಿಲ್ಲವೆಂದು ಊರವರು ಅಂದುಕೊಳ್ಳುತ್ತಾರೆ. ಬಲವಿದ್ದವರ ಎದುರಿಗೆ ನಿಂತು ಹೊಗಳುವವರು, ದೂರ ನಿಂತು ಬೈಯುವವರು ಎಲ್ಲ ಕಾಲಕ್ಕೂ ಉಂಟು. ಸುತ್ತು ಹಾಕಿ ಬಂದು, ಆ ಬಲದ ಕೆಳಗೆ ಯಾರ ಬೆನ್ನಿದೆ ಎಂದು ಬಾಗಿ ನೋಡುವವರೇ ಕಡಿಮೆ, ಆ ಬಲ ತಮ್ಮದೇ ಮನೆಯದಾದಾಗಲೂ ಬಾಗುವವರು ಇನ್ನೂ ಕಡಿಮೆ. ನ್ಯಾಯ ಹೇಳುವವರು ಯಾವ ಊರಿನಲ್ಲಾದರೂ ಸಿಕ್ಕಾರು. ಹೇಳಿದ ಮೇಲೆ ಟವೆಲ್ಲು ಹಿಡಿದು ಸೋತವನ ಹತ್ತಿರಕ್ಕೆ ಬರುವಂಥವರು ನಮ್ಮೂರಿಗೆ ಒಬ್ಬರಾದರೂ ಸಿಕ್ಕಿದ್ದಾರೆ.